ಹಾಸಿಗೆ ಮೆಂಬರರ ಮಧ್ಯಾಹ್ನದ ನಿದ್ದೆ

ನಗರಸಭೆಗೆ ಜನ ನಾನಾ ದಾರಿಯಲ್ಲಿ ಬರುತ್ತಾರೆ. ದುಡ್ಡು ಚೆಲ್ಲಿ ಬರುವವರುಂಟು, ಅಪ್ಪನ ಹೆಸರು ಹೇಳಿಕೊಂಡು ಬರುವವರುಂಟು, ಬೀದಿಬೀದಿಯಲ್ಲಿ ಜಗಳ ಕಾಯ್ದು ಬರುವವರೂ ಇದ್ದಾರೆ. ಹಾಸಿಗೆ ಮೆಂಬರು ಮಾತ್ರ ಮಲಗಿಕೊಂಡು ಬಂದರು. ಇದು ಅವರ ಮಾತು. ಊರಿನ ಮಾತೇ ಬೇರೆ. ಊರಿನ ಪ್ರಕಾರ ಅವರಷ್ಟು ಪಾಕಡಾ ಮನುಷ್ಯ ಇನ್ನೊಬ್ಬ ಆ ಕಟ್ಟಡದ ಮೆಟ್ಟಿಲು ಹತ್ತಿದ್ದೇ ಇಲ್ಲ. ಯಾವುದು ನಿಜ ಎಂದು ಅವರನ್ನೇ ಕೇಳಿದರೆ ಮೊದಮೊದಲು ಎದೆ ತಟ್ಟಿ ಹೇಳುತ್ತಿದ್ದರು. ಆಮೇಲಾಮೇಲೆ ತಲೆ ಕೆರೆದುಕೊಳ್ಳತೊಡಗಿದರು.

ಅವರದು ಹಾಸಿಗೆ ಅಂಗಡಿ. ಮುಂದಿನ ಕೋಣೆಯಲ್ಲಿ ಒಂದು ಮೇಜು, ಗೋಡೆಗೊರಗಿಸಿದ ಸುರುಳಿ ಹಾಸಿಗೆಗಳು, ಸೂರು ಮುಟ್ಟುವ ದಿಂಬಿನ ರಾಶಿ. ಹಿಂದಿನ ಕೋಣೆಯಲ್ಲಿ ಹತ್ತಿ, ಹತ್ತಿ ಹಿಂಜುವ ಯಂತ್ರ, ಅಂಗೈಯುದ್ದದ ಸೂಜಿಗಳು. ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಎಂಥ ಹರೆಯದವನ ಹುಬ್ಬೂ ನರೆತುಬಿಡುತ್ತದೆ. ಅಂಗಡಿಯ ಹಿಂದೆಯೇ ಮನೆ. ಪಡುವಣ ದಿಕ್ಕಿಗೆ ಒಂದು ಕಿಟಕಿ, ಅದಕ್ಕೊಂದು ಗೋಣಿಯ ಪರದೆ. ಗಾಜು ಒಡೆದು ಎಷ್ಟೋ ವರ್ಷವಾಗಿತ್ತು. ಹಾಕಿಸುತ್ತೇನೆ ಹಾಕಿಸುತ್ತೇನೆ ಎನ್ನುತ್ತಲೇ ಅವರು ಎರಡು ಸಲ ಮೆಂಬರಾದರು.

ಅವರಿಗೊಂದು ಪದ್ಧತಿಯಿತ್ತು. ಹೊಲಿದು ಮುಗಿಸಿದ ಹಾಸಿಗೆಯ ಮೇಲೆ ತಾವೇ ಒಮ್ಮೆ ಮಲಗಿ ನೋಡದೆ ಗಿರಾಕಿಗೆ ಕೊಡುತ್ತಿರಲಿಲ್ಲ. ಕೈಗೆ ಸಿಗದ ಗಂಟು ಬೆನ್ನಿಗೆ ಸಿಗುತ್ತದೆ ಎಂದು ಅವರ ತಂದೆ ಕಲಿಸಿದ್ದರಂತೆ. ಅಂಗಾತ ಮಲಗಿ, ಕೈಕಾಲು ಚೆಲ್ಲಿ, ಕಣ್ಣು ಮುಚ್ಚಿ, ಮೈಯೆಲ್ಲ ಬೆನ್ನೇ ಆಗಿ ಕಾಯುವುದು. ಎಲ್ಲಿ ಒತ್ತುತ್ತದೋ ಅಲ್ಲಿಗೆ ಮತ್ತೆ ಸೂಜಿ. ನೋಡಿದವರಿಗೆ ಅದು ಕೆಲಸವೋ ನಿದ್ದೆಯೋ ಗೊತ್ತಾಗುತ್ತಿರಲಿಲ್ಲ. ಒಮ್ಮೊಮ್ಮೆ ಅವರಿಗೂ ಗೊತ್ತಾಗುತ್ತಿರಲಿಲ್ಲ ಎನ್ನುವುದೇ ಈ ಕಥೆಯ ತೊಡಕು.

ರಸ್ತೆಯ ಆಚೆ ಬದಿಗೆ ಔಷಧಿ ಅಂಗಡಿ. ಅದರ ಯಜಮಾನ ಮೆಂಬರರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಗಿರಾಕಿಗಳು ಅವನನ್ನು ಡಾಕ್ಟ್ರೇ ಡಾಕ್ಟ್ರೇ ಎಂದು ಉಬ್ಬಿಸುತ್ತಿದ್ದರೂ ಇವರ ಬಾಯಲ್ಲಿ ಅವನು ಗುಳಿಗೆ. ಅವನ ಬಾಯಲ್ಲಿ ಇವರು ಹತ್ತಿ. ಗುಳಿಗೆಗೆ ಯಾವ ವಿಷಯವಾದರೂ ಹತ್ತು ದಿನ ಮುಂಚೆ ಹೊಳೆಯುತ್ತಿತ್ತು, ಹತ್ತಿಗೆ ಹತ್ತು ದಿನ ಆದಮೇಲೆ. ಅದಕ್ಕೇ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗುತ್ತಿತ್ತು. ಗುಳಿಗೆಯ ಮದುವೆಗೆ ಜೋಡಿ ಹಾಸಿಗೆ ಹೊಲಿದು ಕೊಟ್ಟವರು ಇವರೇ. ಇವರ ಮನೆಯವರಿಗೆ ಟೈಫಾಯಿಡ್ ಬಂದಾಗ ಅಂಗಡಿಗೆ ಬೀಗ ಹಾಕಿ ಹಗಲೂ ರಾತ್ರಿ ಓಡಾಡಿದವನು ಅವನು.

ಹೀಗಿರುವಾಗ ನಗರಸಭೆಗೆ ಚುನಾವಣೆ ಬಂತು. ಗುಳಿಗೆಗೆ ಒಂದು ಪಕ್ಷದ ಟಿಕೆಟ್ ಸಿಕ್ಕಿತು. ಎದುರಿಗೆ, ಆಗಲೇ ಮೆಂಬರಾಗಿ ಬೇರುಬಿಟ್ಟಿದ್ದ ಒಬ್ಬ ಕಂಟ್ರಾಕ್ಟರ್. ನಾಮಪತ್ರ ಎನ್ನುವುದು ಬಲು ನಾಜೂಕಿನ ವಸ್ತು. ಎಲ್ಲೋ ಒಂದು ಸಹಿ ತಪ್ಪಿದರೂ ತಿರಸ್ಕಾರ. ಆದ್ದರಿಂದ ತಿಳಿದವರು ತಮ್ಮ ಜೊತೆಗೆ ನಂಬಿಕಸ್ಥನೊಬ್ಬನ ಕೈಯಲ್ಲೂ ಒಂದು ನಾಮಪತ್ರ ಹಾಕಿಸಿರುತ್ತಾರೆ. ಅವನಿಗೆ ಡಮ್ಮಿ ಎಂದು ಹೆಸರು. ಅಸಲಿ ಅಭ್ಯರ್ಥಿಯದು ಸ್ವೀಕಾರವಾಯಿತೋ, ಡಮ್ಮಿ ಕಡೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಹೋಗಿ ತನ್ನದನ್ನು ವಾಪಸ್ ತೆಗೆದುಕೊಳ್ಳಬೇಕು.

"ಈಗ ಒಂದು ಸಹಿ ಹಾಕು, ಆಮೇಲೆ ಇನ್ನೊಂದು ಸಹಿ ಹಾಕು. ಅಷ್ಟೇ ನಿನ್ನ ರಾಜಕೀಯ," ಅಂದ ಗುಳಿಗೆ.

"ಅಷ್ಟೇನಾ?"

"ಅಷ್ಟೇ. ಅಷ್ಟೂ ಆಗಲ್ಲ ಅಂದ್ರೆ ಹೇಳಪ್ಪ, ಬೇರೆ ಯಾರನ್ನಾದ್ರೂ ನೋಡ್ತೀನಿ."

ಗುಳಿಗೆಯ ನಾಮಪತ್ರ ಸ್ವೀಕಾರವಾಯಿತು, ಹತ್ತಿಯದೂ ಆಯಿತು. ನಗರಸಭೆಯ ಹೊರಗೋಡೆಯ ಫಲಕದಲ್ಲಿ ಹೆಸರುಗಳನ್ನು ಅಂಟಿಸಿದ್ದರು. ಹತ್ತಿ ಆ ದಾರಿಯಲ್ಲಿ ಕೆಲಸವಿಲ್ಲದಿದ್ದರೂ ಹೋಗಿ ನೋಡಿ ಬಂದರು. ಮಾರನೆಯ ದಿನ ಮತ್ತೆ ಹೋದರು. ತಮ್ಮ ಹೆಸರು ಅಚ್ಚಿನಲ್ಲಿ ಇಷ್ಟು ಚೆಂದ ಕಾಣುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ.

ಕಡೆಯ ದಿನ ಒಂದು ವಸತಿಗೃಹಕ್ಕೆ ಕೊಡಬೇಕಿದ್ದ ಜೋಡಿ ಹಾಸಿಗೆ ಮುಗಿಯಿತು. ಊಟವೂ ಆಯಿತು. ನಗರಸಭೆ ಇರುವುದು ಅದೇ ರಸ್ತೆಯ ತುದಿಯಲ್ಲಿ. ಇದೊಂದು ಮಲಗಿ ನೋಡಿ ಹೊರಟರಾಯಿತು ಎಂದುಕೊಂಡು ಹತ್ತಿ ಅಂಗಾತ ಮಲಗಿದರು. ಎದ್ದಾಗ ಗಂಟೆ ಮೂರೂವರೆ.

ಇದಿಷ್ಟು ಅವರು ಎಲ್ಲರಿಗೂ ಹೇಳಿದ್ದು. ಯಾರಿಗೂ ಹೇಳದೆ ಉಳಿಸಿಕೊಂಡದ್ದು ಇನ್ನೊಂದು ಚೂರು ಇತ್ತು. ಕಿಟಕಿಯ ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಮುಚ್ಚಿದ ರೆಪ್ಪೆಯ ಒಳಗೆಲ್ಲ ಕೆಂಪು. ಏಳಬೇಕು, ಏಳಬೇಕು ಎಂದು ಒಳಗೆ ಯಾರೋ ಹೇಳುತ್ತಿದ್ದರು. ಎದ್ದುಹೋಗಿ ಸಹಿ ಹಾಕಿದರೆ ಫಲಕದಲ್ಲಿನ ಹೆಸರು ಹೊಡೆದುಹಾಕುತ್ತಾರೆ ಎಂದೂ ಯಾರೋ ಹೇಳುತ್ತಿದ್ದರು. ಆಗ ಎಲ್ಲೋ ಬೂಟು ಕಿರುಗುಟ್ಟಿದ ಸದ್ದು. ಕೆಂಪೆಲ್ಲ ತಟ್ಟನೆ ಕಪ್ಪಾಯಿತು, ಮುಖ ತಂಪಾಯಿತು. ಆಮೇಲೆ ಏನೂ ನೆನಪಿಲ್ಲ. ಎದ್ದ ಗಾಬರಿಯಲ್ಲಿ ಕಿಟಕಿಯ ಕಡೆ ನೋಡಲೂ ಇಲ್ಲ. ಅದು ಕನಸೇ? ಕನಸಾದರೆ ಸರಿ, ತಾವು ನಿದ್ದೆಯಲ್ಲಿದ್ದರು, ತಪ್ಪಿಲ್ಲ. ಕನಸಲ್ಲದಿದ್ದರೆ? ಈ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಯಾರನ್ನೂ ಕೇಳಲಿಲ್ಲ, ಹೆಂಡತಿಯನ್ನೂ.

ಅಂದು ಸಂಜೆ ಔಷಧಿ ಅಂಗಡಿಗೆ ಹೋದರೆ ಗುಳಿಗೆ ಬೈಯಲೇ ಇಲ್ಲ. ಮುಖ ಕೂಡ ಗಂಟು ಹಾಕಿಕೊಳ್ಳಲಿಲ್ಲ.

"ಹೋಗ್ಲಿ ಬಿಡು, ಆಗಿದ್ದಾಯ್ತು. ಮನೆಮನೆಗೆ ಹೋಗಿ, ನಾನು ನಿಂತಿಲ್ಲ, ಗುಳಿಗೆಗೆ ಓಟು ಹಾಕಿ ಅಂತ ಹೇಳು. ಸಾಕು."

ಇಷ್ಟು ಸುಲಭಕ್ಕೆ ಬಿಟ್ಟನಲ್ಲ ಎಂದು ಹತ್ತಿಗೆ ಆಶ್ಚರ್ಯವಾಯಿತು. ಆದರೆ ತಪ್ಪು ಮಾಡಿದವರು ಆಶ್ಚರ್ಯವನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಬಚಾವಾದೆ ಎಂದುಕೊಂಡು ಮನೆಗೆ ಬಂದರು.

ಚುನಾವಣೆಯ ಗುರುತು ಹಂಚುವ ಹೊತ್ತಿಗೂ ಅವರು ಅಲ್ಲಿರಲಿಲ್ಲ. ಎಲ್ಲರೂ ಆರಿಸಿಕೊಂಡ ಮೇಲೆ ಉಳಿದ ಗುರುತನ್ನು ಅಧಿಕಾರಿ ಇವರ ಹೆಸರಿನ ಮುಂದೆ ಬರೆದರು. ಅದು ಮಂಚ. ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಹಾಸಿಗೆಯವನಿಗೆ ಮಂಚ! ಎಷ್ಟು ದಿನದಿಂದ ಹೊಂಚು ಹಾಕಿದ್ದನೋ! ಇವರು ಮನೆಮನೆಗೆ ಹೋಗಿ ಕೈಮುಗಿದು, "ದಯವಿಟ್ಟು ನನಗೆ ಹಾಕಬೇಡಿ" ಎಂದರು. ಓಟು ಬೇಡ ಎನ್ನುವ ಮನುಷ್ಯನನ್ನು ಆ ಜನ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಒಂದು ಮನೆಯ ಅಜ್ಜಿ ಇವರ ಗಲ್ಲ ಹಿಡಿದು, "ಎಂಥಾ ಮಗು ನೋಡೇ!" ಎಂದು ಸೊಸೆಯನ್ನು ಕರೆದು ತೋರಿಸಿದಳು.

ಮತ ಎಣಿಸಿದಾಗ ಹತ್ತಿ ಗೆದ್ದಿದ್ದರು. ಅದೂ ಕೂದಲೆಳೆಯಲ್ಲಿ. ಎರಡನೆಯವನು ಗುಳಿಗೆ. ಕಂಟ್ರಾಕ್ಟರ್ ಎಲ್ಲೋ ಹಿಂದೆ.

ಎಣಿಕೆಯ ಕೊಠಡಿಯ ಹೊರಗೆ ಜನ ಇವರನ್ನು ಹೆಗಲ ಮೇಲೆ ಎತ್ತಿಕೊಂಡರು. ಇಳಿಸ್ರಪ್ಪ, ಇಳಿಸ್ರಪ್ಪ ಎಂದು ಕೂಗಿಕೊಂಡದ್ದು ಯಾರಿಗೂ ಕೇಳಲಿಲ್ಲ. ಹೆಗಲ ಮೇಲಿನಿಂದ ಅವರಿಗೆ ಗುಳಿಗೆ ಕಂಡ. ಗೇಟಿನ ಹತ್ತಿರ ಒಬ್ಬನೇ ನಿಂತಿದ್ದ. ಇಳಿದು ಓಡಿಹೋಗಿ ಕೈ ಹಿಡಿಯಲು ಹೋದರೆ ಕೈ ಹಿಂದಕ್ಕೆಳೆದುಕೊಂಡ.

"ನಿದ್ದೆ ಬಂತು ಅಂದ್ಯಲ್ಲ, ಒಳ್ಳೇ ನಿದ್ದೆ ಕಣಯ್ಯ ನಿಂದು. ಸ್ನೇಹಿತ ಅಂತ ನಂಬಿದ್ದಕ್ಕೆ ಬೆನ್ನಿಗೆ ಚೂರಿ ಹಾಕ್ದೆ."

ಸುತ್ತಲೂ ನಿಂತವರೆಲ್ಲ ಕೇಳಿಸಿಕೊಂಡರು. ಸಂಜೆಯೊಳಗೆ ಆ ಮಾತು ಉಪ್ಪು ಖಾರ ಹಚ್ಚಿಕೊಂಡು ಊರೆಲ್ಲ ತಿರುಗಿತು. ಅವತ್ತಿಗೆ ಇಬ್ಬರ ನಡುವೆ ಮಾತು ನಿಂತಿತು. ರಸ್ತೆಯ ಈಚೆಗೊಂದು ಅಂಗಡಿ, ಆಚೆಗೊಂದು ಅಂಗಡಿ. ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ಬಾಗಿಲು ತೆರೆಯುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇವರ ಮನೆಗೆ ತಲೆನೋವಿನ ಮಾತ್ರೆ ಬೇಕೆಂದರೆ ಎರಡು ರಸ್ತೆ ದಾಟಿ ಹೋಗಬೇಕಾಯಿತು.

ತಮಗೆ ಯಾಕೆ ಓಟು ಬಿತ್ತು ಎಂದು ಮೆಂಬರು ಮುಚ್ಚುಮರೆಯಿಲ್ಲದೆ ಜನರನ್ನೇ ಕೇಳಿದರು. ಉತ್ತರ ಕೇಳಿದಷ್ಟೂ ತಲೆ ಗಿರ್ರೆಂದಿತು. ಒಬ್ಬ ಮಂಚ ನೋಡಿ ಹಾಕಿದೆ ಎಂದ. ಒಬ್ಬಳು, ಹಾಕಬೇಡಿ ಅಂದ್ರಲ್ಲ, ಅದಕ್ಕೆ ಹಾಕಿದೆ ಎಂದಳು. ಇನ್ನೊಬ್ಬ, ಪಕ್ಷದವರಿಗೇ ಟೋಪಿ ಹಾಕಿದವನು ನಮಗೋಸ್ಕರ ಯಾರಿಗೆ ಬೇಕಾದರೂ ಹಾಕುತ್ತಾನೆ ಎಂಬ ಧೈರ್ಯ ಬಂತು ಎಂದ. ಮಲಗಿಬಿಟ್ಟಿದ್ದೆ ಮಾರಾಯ ಎಂದು ಇವರು ಗೋಗರೆದರೆ ಅವನು ಕಣ್ಣು ಹೊಡೆದು, "ಗೊತ್ತು ಬಿಡಿ ಸಾರ್, ನಾವ್ಯಾರಿಗೂ ಹೇಳಲ್ಲ" ಎಂದ.

ಸಭೆಯಲ್ಲೂ ಇದೇ ಕಥೆ. ಮೊದಲ ದಿನ ಅವರು ಕುರ್ಚಿಯಲ್ಲಿ ಕೂತಕೂಡಲೇ ಸೀಟನ್ನು ಒತ್ತಿ ನೋಡಿದರು. ಹತ್ತಿ ಎಂದು ಬಿಲ್ ಮಾಡಿ ನಾರು ತುಂಬಿದ್ದಾರೆ ಎಂದು ಪಕ್ಕದವರಿಗೆ ಮೆಲ್ಲಗೆ ಹೇಳಿದರು, ಅಷ್ಟೇ. ಮಾರನೆಯ ವಾರ ಪೀಠೋಪಕರಣದ ಗುತ್ತಿಗೆದಾರ ಮನೆ ಬಾಗಿಲಿಗೆ ಬಂದು ಸಾರ್ ಸಾರ್ ಎಂದು ಹಲ್ಲು ಗಿಂಜಿದ. ಇನ್ನೊಂದು ಸಲ ಯಾವುದೋ ಠರಾವು ಮತಕ್ಕೆ ಬಂದಿತ್ತು. ಅದು ಏನು ಎನ್ನುವುದು ಇವರಿಗೆ ತಲೆಬುಡ ತಿಳಿದಿರಲಿಲ್ಲ. ಏನೆಂದು ಕೇಳೋಣವೆಂದು ಕೈ ಎತ್ತಿದರು. ಆ ಕೈಯನ್ನೂ ಎಣಿಸಿಕೊಂಡರು. ಆ ಒಂದು ಕೈಯಿಂದ ಠರಾವು ಪಾಸಾಗಿ, ಅಧ್ಯಕ್ಷರೇ ಕುರ್ಚಿ ಬಿಟ್ಟಿಳಿಯಬೇಕಾಯಿತು. ಅದು ಅವಿಶ್ವಾಸದ ಠರಾವಂತೆ. ಹೊರಗೆ ಬಂದರೆ ಪತ್ರಿಕೆಯವರು ಫೋಟೋ ಹೊಡೆದದ್ದೇ ಹೊಡೆದದ್ದು. ಕಡೇ ಗಳಿಗೆವರೆಗೂ ಗುಟ್ಟು ಬಿಡಲಿಲ್ಲ ಎಂದು ಬರೆದರು. ಗುಟ್ಟು ಇದ್ದರಲ್ಲವೇ ಬಿಡುವುದು!

ನಡುವೆ ಕೆಲಸವನ್ನೂ ಮಾಡಿದರು, ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ತೆರೆದ ಚರಂಡಿಗೆ ಕಲ್ಲು ಹಾಸಿಸಿದರು. ಶಾಲೆಯ ಮುಂದಿನ ತಿರುವಿನಲ್ಲಿ ದೀಪ ಹಾಕಿಸಿದರು. ಔಷಧಿ ಅಂಗಡಿಯ ಮುಂದಿನ ಗುಂಡಿಯನ್ನು ಮೊದಲು ಮುಚ್ಚಿಸಿದರು, ತಮ್ಮ ಅಂಗಡಿಯ ಮುಂದಿನದನ್ನು ಕಡೆಗೆ. ಗುಂಡಿ ಮುಚ್ಚುವಾಗ ಗುಳಿಗೆ ಅಂಗಡಿಯ ಷಟರ್ ಎಳೆದುಕೊಂಡು ಒಳಗೇ ಕೂತಿದ್ದ.

ಎರಡನೆಯ ಚುನಾವಣೆಗೆ ಗುಳಿಗೆಯ ಪಕ್ಷವೇ ಇವರಿಗೆ ಟಿಕೆಟ್ ಕೊಟ್ಟಿತು. ಇಂಥ ಘಾಟಿ ನಮ್ಮ ಕಡೆ ಇರಲಿ ಎಂದು ಅದರ ಮುಖಂಡರು ಬೆನ್ನು ತಟ್ಟಿದರು. ಕಂಟ್ರಾಕ್ಟರ್ ನಾಮಪತ್ರ ಹಾಕಿದವನು, ಹಾಸಿಗೆಯವ ಈ ಸಲ ಏನೋ ಮಸಲತ್ತು ಮಾಡಿದ್ದಾನೆ ಎಂಬ ಗಾಳಿಮಾತು ಕೇಳಿ ತಾನಾಗಿಯೇ ವಾಪಸ್ ತೆಗೆದುಕೊಂಡ, ಇವರು ಮತ್ತೆ ಗೆದ್ದರು. ಮಸಲತ್ತು ಏನೆಂದು ಮೆಂಬರು ಹೆಂಡತಿಯನ್ನು ಕೇಳಿದರು.

"ನನ್ನನ್ನ ಕೇಳ್ತೀರಲ್ಲ! ನೀವು ತಾನೇ ಮಾಡಿರೋದು?" ಅಂದರು ಆಕೆ.

ಮೂರನೆಯ ಸಲ ಸೋತರು. ವಾರ್ಡುಗಳ ಗಡಿ ಬದಲಾಗಿತ್ತು. ತಮ್ಮ ಹಿಂದಿನ ಬೀದಿ ಪಕ್ಕದ ವಾರ್ಡಿಗೆ ಹೋದದ್ದು ತಿಳಿಯದೆ ಮೆಂಬರು ವಾರಗಟ್ಟಲೆ ಅದೇ ಬೀದಿಯಲ್ಲಿ ಪ್ರಚಾರ ಮಾಡಿದರು. ಆ ಬೀದಿಯವರಾದರೂ ಬಾಯಿ ಬಿಡಬಾರದೇ? ಇಷ್ಟು ದೊಡ್ಡ ತಂತ್ರಗಾರ ಬಂದಿದ್ದಾನೆಂದರೆ ಏನೋ ಇರಬೇಕು ಎಂದುಕೊಂಡು ನೀರು ಕೊಟ್ಟು, ನಿಮಗೇ ಸಾರ್ ಎಂದು ತಲೆಯಾಡಿಸಿ ಕಳಿಸಿದರು. ಅವರು ಸುಳ್ಳಾಡಲಿಲ್ಲ, ಹಾಕುವ ಹಾಗಿದ್ದರೆ ಹಾಕುತ್ತಿದ್ದರು.

ನಾಲ್ಕನೆಯ ಸಲ ಮೆಂಬರು ಮನಸ್ಸು ಗಟ್ಟಿ ಮಾಡಿ ವೇದಿಕೆಯ ಮೇಲೇ ಹೇಳಿಬಿಟ್ಟರು. ನಾನು ಜಾಣನಲ್ಲ, ಆ ಮಧ್ಯಾಹ್ನ ನಿಜಕ್ಕೂ ಮಲಗಿಬಿಟ್ಟೆ, ಆಮೇಲಿನದೆಲ್ಲ ತಾನಾಗಿ ಆಯಿತು. ಜನ ಹೊಟ್ಟೆ ಹಿಡಿದು ನಕ್ಕರು, ಚಪ್ಪಾಳೆ ತಟ್ಟಿದರು, ಇನ್ನೊಂದು ಹೇಳಿ ಸಾರ್ ಎಂದರು. ಓಟು ಮಾತ್ರ ಬೇರೆಯವನಿಗೆ ಹಾಕಿದರು. ಆ ನಗುವಿನ ನಡುವೆ ಮೆಂಬರರ ಕಣ್ಣು ಹುಡುಕಿದ್ದು ಒಂದೇ ಮುಖ. ಅವನು ಬಂದಿರಲಿಲ್ಲ. ಅವನೊಬ್ಬ ನಂಬಿದ್ದರೆ ಅವರಿಗೆ ಗೆಲುವೂ ಬೇಕಿರಲಿಲ್ಲ, ಸೋಲೂ ನೋಯುತ್ತಿರಲಿಲ್ಲ.

ಅಲ್ಲಿಗೆ ರಾಜಕೀಯ ಮುಗಿಯಿತು. ಹೆಸರಿನ ಜೊತೆ ಅಂಟಿದ ಮೆಂಬರ್ ಅನ್ನುವುದು ಹಾಗೇ ಉಳಿಯಿತು. ಫೋಮಿನ ಹಾಸಿಗೆ ಬಂದ ಮೇಲೆ ಅಂಗಡಿಯಲ್ಲಿ ಗಿರಾಕಿ ತೆಳುವಾದರು. ಪುರಸೊತ್ತು ಜಾಸ್ತಿಯಾದಷ್ಟೂ ಆ ಮಧ್ಯಾಹ್ನ ಮತ್ತೆ ಮತ್ತೆ ಬಂದು ಕೂತಿತು. ಕೆಂಪು ಕಪ್ಪಾದದ್ದು ಹೌದೋ ಅಲ್ಲವೋ? ಹೌದಾದರೆ ಅವರು ಎಚ್ಚರವಿದ್ದರು. ಎಚ್ಚರವಿದ್ದೂ ಏಳಲಿಲ್ಲವೆಂದರೆ ಗುಳಿಗೆ ಹೇಳಿದ್ದು ಸರಿ. ಬೇಕೆಂದೇ ಮಲಗಿದ್ದೆ ಎಂದು ಊರೆಲ್ಲ ಅಷ್ಟು ವರ್ಷ ಹೇಳಿದರೆ, ಯಾರ ನೆನಪಾದರೂ ಒಂದಲ್ಲ ಒಂದು ದಿನ ಊರಿನ ಕಡೆ ವಾಲಿಕೊಳ್ಳುತ್ತದೆ. ಕೆಲವು ದಿನ ಬೆಳಿಗ್ಗೆ ಅವರು ನಿರ್ದೋಷಿ, ಮಧ್ಯಾಹ್ನಕ್ಕೆ ಅಪರಾಧಿ, ದೀಪ ಹಚ್ಚುವ ಹೊತ್ತಿಗೆ ಬರೀ ಬೆಪ್ಪ.

ಐದನೆಯ ಚುನಾವಣೆ ಬಂದಾಗ, ಒಂದು ಬೆಳಿಗ್ಗೆ, ಗುಳಿಗೆಯ ಮಗಳು ರಸ್ತೆ ದಾಟಿ ಇವರ ಅಂಗಡಿಗೆ ಬಂದಳು. ಔಷಧಿ ಅಂಗಡಿಯನ್ನು ಈಗ ನಡೆಸುತ್ತಿದ್ದವಳು ಅವಳೇ. ಎತ್ತಿ ಆಡಿಸಿದ ಮಗು. ಅದು ದೊಡ್ಡದಾದದ್ದನ್ನು ಮೆಂಬರು ರಸ್ತೆಯ ಈಚೆಯಿಂದಲೇ ನೋಡಿದ್ದರು.

"ಚಿಕ್ಕಪ್ಪ, ನಾನು ನಿಂತಿದೀನಿ."

"ಗೊತ್ತಾಯ್ತಮ್ಮ. ಒಳ್ಳೇದಾಗ್ಲಿ."

"ಡಮ್ಮಿ ಒಬ್ರು ಬೇಕು."

ಮೆಂಬರರ ಕೈಯಲ್ಲಿದ್ದ ಸೂಜಿ ಹೆಬ್ಬೆರಳಿಗೆ ಚುಚ್ಚಿತು. ಇದು ತಮಾಷೆಯೋ, ಹಂಗಿಸುವುದೋ, ಯಾರಾದರೂ ಕಳಿಸಿದ ಹುಡುಗಾಟವೋ ಎಂದು ಅವಳ ಮುಖ ನೋಡಿದರು. ಅವಳು ನಗುತ್ತಿರಲಿಲ್ಲ.

"ನಿಮ್ಮಪ್ಪನಿಗೆ ಗೊತ್ತಾದ್ರೆ?"

"ಅಪ್ಪನೇ ಕಳಿಸಿದ್ದು. ಹತ್ತಿನೇ ಆಗ್ಬೇಕು, ಬೇರೆ ಯಾರೂ ಬೇಡ ಅಂದ್ರು."

ಅವತ್ತು ಅವರಿಗೆ ಊಟ ಸೇರಲಿಲ್ಲ. ಪರೀಕ್ಷೆ ಮಾಡುತ್ತಿದ್ದಾನೆಯೇ? ಕ್ಷಮಿಸಿದ್ದಾನೆಯೇ? ಸೇಡು ತೀರಿಸಿಕೊಳ್ಳಲು ಏನಾದರೂ ಹೂಡಿದ್ದಾನೆಯೇ? ಹೆಂಡತಿ, "ಯಾಕೆ ಅಷ್ಟೆಲ್ಲಾ? ಹೋಗಿ ಸಹಿ ಹಾಕಿ, ಆಮೇಲೆ ಹೋಗಿ ಇನ್ನೊಂದು ಸಹಿ ಹಾಕಿ. ಈ ಸಲ ಮಾತ್ರ ಎಲ್ಲೂ ಒರಗಬೇಡಿ," ಅಂದರು. ಮೆಂಬರು ಸಹಿ ಹಾಕಿದರು. ಹುಡುಗಿಯ ನಾಮಪತ್ರ ಸ್ವೀಕಾರವಾಯಿತು, ಇವರದೂ ಆಯಿತು. ಈ ಸಲ ಅವರು ಫಲಕದ ಹತ್ತಿರ ತಪ್ಪಿಯೂ ಸುಳಿಯಲಿಲ್ಲ.

ವಾಪಸ್ ಪಡೆಯುವ ಕಡೆಯ ದಿನ ಕಚೇರಿಯ ಜವಾನ ಕಸ ಗುಡಿಸುವ ಹೊತ್ತಿಗೇ ಮೆಂಬರು ಹೋಗಿ ಹಜಾರದ ಬೆಂಚಿನ ಮೇಲೆ ಕೂತರು. ಚುನಾವಣಾಧಿಕಾರಿ ಎಲ್ಲೋ ಮತಗಟ್ಟೆ ನೋಡಲು ಹೋಗಿದ್ದಾರೆ, ಊಟದ ನಂತರವೇ ಬರುವುದು ಎಂದು ಗೊತ್ತಾಯಿತು. ಬಾಗಿಲ ಮೇಲಿನ ಗಡಿಯಾರವನ್ನು ನೋಡಿದರು. ಅದು ಕೆಟ್ಟಿದೆಯೇನೋ ಎಂದು ಅನುಮಾನ ಬಂದು ಜವಾನನನ್ನು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಬೆನ್ನು ಗೋಡೆಗೆ ತಾಗದ ಹಾಗೆ ನೆಟ್ಟಗೆ ಕೂತಿದ್ದರು.

ಬಿಸಿಲು ಏರಿದ ಮೇಲೆ ಕೋಲು ಊರುವ ಸದ್ದಾಯಿತು. ಜೊತೆಗೆ ಬೂಟಿನ ಕಿರುಗುಟ್ಟು. ಗುಳಿಗೆ ಬಂದು ಬೆಂಚಿನ ಆ ತುದಿಯಲ್ಲಿ ಕೂತ. ಮುದುಕನಾಗಿದ್ದ. ರಸ್ತೆಯ ಆಚೆಯಿಂದ ನೋಡಿದಾಗ ಇಷ್ಟು ಕಾಣುತ್ತಿರಲಿಲ್ಲ.

"ಬಂದಿದೀಯ," ಅಂದ.

"ಬೆಳಿಗ್ಗೇನೇ ಬಂದೆ."

"ತೂಕಡಿಕೆ ಬಂದ್ರೆ ಹೇಳು. ಕೋಲಲ್ಲಿ ತಿವೀತೀನಿ."

ಮೆಂಬರರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಡೆಯಲಾರದೆ, ಇಷ್ಟು ವರ್ಷ ಬಾಯಿಪಾಠವಾಗಿದ್ದ ಮಾತನ್ನೇ ಮತ್ತೆ ಹೇಳಲು ಹೊರಟರು. "ಗುಳಿಗೆ, ನಾನು ಅವತ್ತು ನಿಜವಾಗ್ಲೂ..."

"ಮಲಗಿದ್ದೆ. ನನಗೆ ಗೊತ್ತು."

ಮೆಂಬರು ಕಣ್ಣು ಕಣ್ಣು ಬಿಟ್ಟರು.

"ನಾನು ಬಂದಿದ್ದೆ ಕಣೋ ಅವತ್ತು," ಗುಳಿಗೆ ಕೋಲಿನ ತುದಿಯನ್ನೇ ನೋಡುತ್ತಾ ಹೇಳಿದ. "ಇನ್ನೂ ಬರ್ಲಿಲ್ವಲ್ಲ ಅಂತ ಕರ್ಕೊಂಡು ಹೋಗೋಕೆ ಬಂದೆ. ಇನ್ನೂ ಮೂರು ಆಗಿರಲಿಲ್ಲ. ನೀನು ಹಾಸಿಗೆ ಮೇಲೆ ಬಿದ್ದಿದ್ದೆ. ಎಬ್ಬಿಸೋಣ ಅಂತ ಬಗ್ಗಿದೋನು ಹಾಗೇ ನಿಂತೆ. ಕಂಟ್ರಾಕ್ಟರ್ ಕಡೆ ಕೂಲಿಯವರೆಲ್ಲ ನಿನ್ನ ಗಿರಾಕಿಗಳು. ನಿನ್ನ ಹೆಸರು ಹಾಗೇ ಇದ್ರೆ ಅವನ ಓಟು ಒಡೆಯುತ್ತೆ, ನಾನು ಗೆಲ್ತೀನಿ ಅಂತ ಲೆಕ್ಕ ಹೊಳೀತು. ಬಿಸಿಲು ನಿನ್ನ ಮುಖಕ್ಕೆ ಹೊಡೀತಿತ್ತು. ಎಚ್ಚರ ಆಗಿಬಿಟ್ಟೀಯ ಅಂತ ಪರದೆ ಎಳೆದು, ಸದ್ದು ಮಾಡದೆ ಹೊರಗೆ ಬಂದೆ."

ಹಜಾರದಲ್ಲಿ ಯಾರೋ ಕುರ್ಚಿ ಎಳೆದರು.

"ನಾನು ತೋಡಿದ ಗುಂಡಿಗೆ ನಾನೇ ಬಿದ್ದೆ ಅಂತ ಯಾರ ಹತ್ರ ಹೇಳ್ಲಿ? ನೀನು ಮೋಸ ಮಾಡ್ದೆ ಅನ್ನೋದು ಸುಲಭ ಆಯ್ತು. ಒಂದು ಸಲ ಅಂದ ಮೇಲೆ ಅದನ್ನೇ ಅನ್ಕೊಂಡು ಹೋಗ್ಬೇಕಾಯ್ತು. ಮಗಳು ನಿಲ್ತೀನಿ ಅಂದಾಗ ನಿದ್ದೆ ಹತ್ಲಿಲ್ಲ ನನಗೆ. ತಪ್ಪು ನಂದು, ಹತ್ತಿ. ನಿಂದಲ್ಲ."

ಇಷ್ಟು ವರ್ಷ ಮೆಂಬರು ಕಾದು ಕೂತಿದ್ದದ್ದು ಈ ಮಾತಿಗೇ. ಅದು ಬಂದೇಬಿಟ್ಟಿತು. ಹಗುರವಾಗಬೇಕಿತ್ತು, ಆಗಲಿಲ್ಲ. ಯಾಕೆಂದರೆ ಆ ಕ್ಷಣದಲ್ಲಿ ಅವರಿಗೆ ಎಲ್ಲ ಒಟ್ಟಿಗೆ ತಿಳಿಯಿತು. ಬೂಟಿನ ಸದ್ದು ನಿಜ. ಕೆಂಪು ಕಪ್ಪಾದದ್ದು ನಿಜ. ಗುಳಿಗೆ ಪರದೆ ಎಳೆದದ್ದು ಅವರಿಗೆ ಗೊತ್ತಾಗಿತ್ತು. ಹಾಗಾದರೆ ಅವರು ಎಚ್ಚರವಿದ್ದರು. ಏಳಬಹುದಿತ್ತು. ಮುಖಕ್ಕೆ ತಂಪಾಗಿದ್ದೇ ನೆಪವಾಗಿ, ಫಲಕದಲ್ಲಿನ ಹೆಸರು ಕಣ್ಣ ಮುಂದಿಟ್ಟುಕೊಂಡು, ಮಲಗೇ ಇದ್ದರು. ಊರೇ ಸರಿ ಹೇಳಿತ್ತು. ಅವನು ನೀನಲ್ಲ ನಾನು ಎಂದು ತಲೆ ತಗ್ಗಿಸಿ ಕೂತಿದ್ದಾನೆ, ಇವರು ಅದನ್ನು ಸುಮ್ಮನೆ ಜೇಬಿಗಿಳಿಸಿಕೊಳ್ಳುವುದೇ?

ಅಧಿಕಾರಿ ಬಂದರು. ಜವಾನ ಹೆಸರು ಕೂಗಿದ. ಮೆಂಬರು ಒಳಗೆ ಹೋಗಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಮೊಹರು ಬಿದ್ದದ್ದನ್ನು ನೋಡಿ, ಬಿದ್ದಿತಲ್ಲ ಎಂದು ಇನ್ನೊಮ್ಮೆ ಕೇಳಿ, ಹೊರಗೆ ಬಂದರು. ಗಡಿಯಾರದಲ್ಲಿ ಮೂರಕ್ಕೆ ಇನ್ನೂ ಸಮಯವಿತ್ತು.

ಗುಳಿಗೆಯ ಮುಂದೆ ನಿಂತು, ಉಸಿರು ಎಳೆದುಕೊಂಡು ಹೇಳಿದರು. "ನಾನು ಎಚ್ಚರ ಇದ್ದೆ ಕಣೋ."

"ಏನು?"

"ಅವತ್ತು. ನೀನು ಪರದೆ ಎಳೆದಿದ್ದು ನನಗೆ ಗೊತ್ತಾಯ್ತು. ನಿನ್ನ ಬೂಟಿನ ಸದ್ದು ಕೇಳಿಸ್ತು. ಏಳಬಹುದಿತ್ತು. ಏಳಲಿಲ್ಲ."

ಗುಳಿಗೆ ತಲೆ ಎತ್ತಿ ಅವರನ್ನೇ ನೋಡಿದ. ಆಮೇಲೆ ಕೋಲು ಊರಿ ಮೆಲ್ಲಗೆ ಎದ್ದ.

"ಸುಮ್ನಿರೋ, ದೊಡ್ಡ ಮನುಷ್ಯನ ಹಾಗೆ ಆಡ್ಬೇಡ. ಗೊರಕೆ ಹೊಡೀತಿದ್ದೆ. ರಸ್ತೆ ತನಕ ಕೇಳಿಸ್ತಿತ್ತು."

"ಇಲ್ಲ ಕಣೋ..."

"ನಿದ್ದೆಯಲ್ಲಿದ್ದವನು ನೀನೋ ನಾನೋ? ನಿಂತು ನೋಡಿದೋನು ನಾನು. ಗೊರಕೆ ಅಂದ್ರೆ ಗೊರಕೆ." ಎರಡು ಹೆಜ್ಜೆ ಹೋಗಿ ತಿರುಗಿದ. "ನನ್ನ ಮದುವೆ ಹಾಸಿಗೆ ಇನ್ನೂ ಇದೆ. ಹತ್ತಿಯೆಲ್ಲ ಗಂಟು ಕಟ್ಟಿದೆ. ಕಳಿಸ್ತೀನಿ, ಸರಿ ಮಾಡಿಕೊಡು."

ಮೆಂಬರು ಮನೆಗೆ ಬಂದು ನೇರ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಹೆಂಡತಿ ಪಾತ್ರೆ ಒರೆಸುತ್ತಿದ್ದರು.

"ನಾನು ಗೊರಕೆ ಹೊಡೀತೀನಾ?"

"ನೀವಾ?" ಆಕೆ ನಕ್ಕರು. "ಮದುವೆಯಾದ ಹೊಸದರಲ್ಲಿ, ಉಸಿರು ಆಡ್ತಿದೆಯೋ ಇಲ್ವೋ ಅಂತ ಮೂಗಿನ ಹತ್ರ ಕೈ ಹಿಡಿದು ನೋಡ್ತಿದ್ದೆ. ಇವತ್ತಿನ ತನಕ ಒಂದು ದಿನಾನೂ ಇಲ್ಲ. ಯಾಕೆ?"

ಮೆಂಬರು ಅಲ್ಲೇ ಹೊಸ್ತಿಲ ಮೇಲೆ ಕೂತರು. ಹಾಗಾದರೆ ಗುಳಿಗೆ ಹೇಳಿದ್ದು ಸುಳ್ಳು. ಇವರು ನಿಜ ಹೇಳಿದ್ದಕ್ಕೆ, ಆ ನಿಜವನ್ನು ಕೈಯಲ್ಲೂ ಮುಟ್ಟದೆ ವಾಪಸ್ ಮಾಡಿದ್ದ. ಅಥವಾ ನಿಜವಾಗಿ ಅವತ್ತೊಂದು ದಿನ ಹೊಡೆದಿದ್ದರೋ? ಹೆಂಡತಿಗೆ ಕೇಳದ ಗೊರಕೆ ಗುಳಿಗೆಗೆ ಕೇಳಿತೋ? ಮತ್ತೆ ಎಲ್ಲ ಕಲಸಿಹೋಯಿತು. ಆದರೆ ಈ ಸಲದ ಗೊಂದಲದಲ್ಲಿ ಮುಳ್ಳು ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ಹತ್ತಿಯ ಧೂಳು ಎಂದು ಒರೆಸಿಕೊಂಡರು.

ಹಾಸಿಗೆ ಮಾರನೆಯ ದಿನವೇ ಬಂತು. ಮೆಂಬರು ಹೊಲಿಗೆ ಬಿಚ್ಚಿದರು, ಹಳೆಯ ಹತ್ತಿಯನ್ನು ಬಿಸಿಲಿಗೆ ಹಾಕಿದರು, ಹಿಂಜಿದರು, ಸ್ವಲ್ಪ ಹೊಸದು ಸೇರಿಸಿದರು. ಹೊಲಿದು ಮುಗಿಸುವ ಹೊತ್ತಿಗೆ ವಾರ ಕಳೆದಿತ್ತು. ಹೊರಗೆ ರಸ್ತೆಯಲ್ಲಿ ಹುಡುಗಿಯ ಪ್ರಚಾರದ ವಾಹನ ಕೂಗುತ್ತಾ ಹೋಯಿತು. ಊಟದ ನಂತರ ಪದ್ಧತಿಯಂತೆ ಅಂಗಾತ ಮಲಗಿ ಕಣ್ಣು ಮುಚ್ಚಿದರು. ಕಿಟಕಿಯ ಬಿಸಿಲು ಮುಖಕ್ಕೆ ಬಿತ್ತು. ಎಲ್ಲೂ ಗಂಟಿರಲಿಲ್ಲ.

ಬಾಗಿಲಲ್ಲಿ ಕೋಲು ಊರಿದ ಸದ್ದಾಯಿತು, ಬೂಟು ಕಿರುಗುಟ್ಟಿತು.

"ಹತ್ತಿ? ಮಲಗಿದೀಯೇನೋ?"

ಮೆಂಬರು ಕಣ್ಣು ಬಿಡಲಿಲ್ಲ. ಬಾಯಿ ಅಗಲ ತೆರೆದು, ಹುಟ್ಟಿದ ಮೇಲೆ ಮೊದಲ ಸಲ, ರಸ್ತೆ ತನಕ ಕೇಳುವಂತೆ ಗೊರಕೆ ಹೊಡೆದರು. ಒಳಗಿನಿಂದ ಹೆಂಡತಿ ಗಾಬರಿಯಾಗಿ ಓಡಿ ಬಂದರು.